ಸುಗ್ಗಿ ಟೈಮಲ್ಲಿ ಎಲಿವೇಟರ್ ಮುಂದೆ ಲಾರಿ ಕ್ಯೂ: ದೊಡ್ಡ ಲೆಗ್ ಹಾಕಿದ್ರೆ ಸರಿಹೋಗುತ್ತಾ?

ನೀವು ಕೇಳಿದ್ದು, ಕೊಯ್ಲಿನ ಟೈಮಲ್ಲಿ ಎಲಿವೇಟರ್ (ಧಾನ್ಯ ಇಳಿಸ್ಕೊಂಡು ತುಂಬಿಡೋ ಕೇಂದ್ರ) ಮುಂದೆ ಲಾರಿಗಳು ಗಂಟೆಗಟ್ಲೆ ನಿಲ್ತಾವೆ, ಬೆಲ್ಟ್‌ಗೆ ಬಕೆಟ್ ಕಟ್ಟಿ ಧಾನ್ಯ ಮೇಲಕ್ಕೆತ್ತೋ ಲೆಗ್ಗನ್ನ ದೊಡ್ಡದು ಮಾಡ್ಬೇಕಾ ಅಂತ. ನನ್ನ ಪ್ರಕಾರ ಆ ದುಡ್ಡು ಈಗ್ಲೇ ಹಾಕ್ಬೇಡಿ, ಮೊದ್ಲು ಒಂದಿನ ಪೂರ್ತಿ ಗೇಟ್ ಹತ್ರ ನಿಂತು ಯಾವ ಲಾರಿ ಎಲ್ಲಿ ಎಷ್ಟು ನಿಮಿಷ ನಿಂತ್ಕೊಳ್ತು ಅಂತ ಬರ್ಕೊಳ್ಳಿ.

ಯಾಕಂದ್ರೆ ಲೆಕ್ಕ ನೋಡಿ. ಲೆಗ್ ಗಂಟೆಗೆ 10,000 ಬುಶೆಲ್ (ಧಾನ್ಯದ ಒಂದು ಅಳತೆ) ಎತ್ತುತ್ತೆ ಅಂದ್ಕೊಳ್ಳಿ, ಮೆಕ್ಕೆಜೋಳ ಆದ್ರೆ ಹತ್ರಹತ್ರ 254 ಟನ್. ಒಂದು ಲಾರಿಲಿ 900 ಬುಶೆಲ್ ಇದ್ರೆ ಅದಕ್ಕೆ ಐದೂವರೆ ನಿಮಿಷ ಸಾಕು. ಆದ್ರೆ ಇರೋದು ಒಂದೇ ವೇಬ್ರಿಡ್ಜು, ತುಂಬಿದ ಲಾರಿ ಅದ್ರ ಮೇಲೆ ನಿಂತಾಗ್ಲೇ ಸ್ಯಾಂಪಲ್ ತೆಗ್ದು ತೇವಾಂಶ ನೋಡಿ ಚೀಟಿ ಬರೆಯೋಕೆ 6 ನಿಮಿಷ, ವಾಪಸ್ ಖಾಲಿ ಬಂದಾಗ ಇನ್ನೊಂದು 2 ಅಂದ್ರೆ, ಗಂಟೆಗೆ ಏಳೂವರೆ ಲಾರಿ, 6,750 ಬುಶೆಲ್ ಅಷ್ಟೇ. ಲೆಗ್ ಮೂರನೇ ಒಂದು ಭಾಗ ಟೈಮು ಸುಮ್ನೆ ತಿರುಗ್ತಾ ಇರುತ್ತೆ! ಸ್ಯಾಂಪಲ್ ಪ್ರೋಬನ್ನ (ಕಾಳೊಳಗೆ ಚುಚ್ಚಿ ಸ್ಯಾಂಪಲ್ ತೆಗೆಯೋ ಕೊಳವೆ) ವೇಬ್ರಿಡ್ಜ್‌ಗಿಂತ ಮುಂಚೆ, ಲಾರಿ ಕ್ಯೂನಲ್ಲಿ ಇರೋವಾಗ್ಲೇ ಹಾಕೋ ಹಾಗೆ ಮಾಡಿ, ತೂಕಕ್ಕೆ ಎರಡೂ ಸಲ ಸೇರಿ 4 ನಿಮಿಷ ಆಗುತ್ತೆ, ಅದೇ ಲೆಗ್ಗಲ್ಲಿ ಗಂಟೆಗೆ 11 ಲಾರಿ ಇಳಿಸ್ಬೋದು.

ಇನ್ನೊಂದು ಕಡೆ ಟೈಮ್ ಹೋಗೋದು ಬೆಳೆ ಬದಲಾದಾಗ. ಸೋಯಾ ಆದ್ಮೇಲೆ ಮೆಕ್ಕೆಜೋಳ ಬಂದ್ರೆ ಪಿಟ್ಟೂ (ಲಾರಿ ಕಾಳು ಸುರಿಯೋ ಗುಂಡಿ) ಲೆಗ್ಗೂ ಪೂರ್ತಿ ಖಾಲಿ ಮಾಡಿ ಬಿನ್ (ಕಾಳು ತುಂಬಿಡೋ ಕಣಜ) ಬದಲಾಯಿಸ್ಬೇಕು, ಲಾರಿಗೊಂದು ಬೆಳೆ ಬಂದ್ರೆ ಇಡೀ ದಿನ ಅದ್ರಲ್ಲೇ ಮುಗೀತು. ಬೆಳಿಗ್ಗೆ ಇಬ್ಬನಿ ಇರೋವಾಗ ಸೋಯಾ ಕೊಯ್ಯೋದು ಕಷ್ಟ, ಹಾಗಾಗಿ ಬೆಳಿಗ್ಗೆ ಮೆಕ್ಕೆಜೋಳ, ಮಧ್ಯಾಹ್ನದ ಮೇಲೆ ಸೋಯಾ ಅಂತ ರೈತರಿಗೆ ಹಿಂದಿನ ಸಾಯಂಕಾಲನೇ ಮೆಸೇಜ್ ಹಾಕಿ, ಅವ್ರಿಗೂ ಅನುಕೂಲ.

ಹಸಿ ಮೆಕ್ಕೆಜೋಳ ಜಾಸ್ತಿ ಬರೋ ಜಾಗ ಆದ್ರೆ ಡ್ರೈಯರ್ ಮೇಲೂ ಕಣ್ಣಿಡಿ. 20-25% ತೇವ ಇರೋದನ್ನ 15ರ ಹತ್ರಕ್ಕೆ ಇಳಿಸೋಕೆ ಟೈಮ್ ಬೇಕೇಬೇಕು, ಹಸಿ ಕಾಳಿನ ಬಿನ್ ತುಂಬಿದ್ರೆ ಪಿಟ್ಟೂ ನಿಲ್ಲುತ್ತೆ, ಆವಾಗ ದೊಡ್ಡ ಲೆಗ್ ಇದ್ರೂ ಆ ಬಿನ್ ಬೇಗ ತುಂಬುತ್ತೆ ಅಷ್ಟೇ.

ಮತ್ತೆ ಎಷ್ಟೇ ಕ್ಯೂ ಇರ್ಲಿ, ಹರೀತಿರೋ ಕಾಳಿನ ಮೇಲೆ ಯಾರನ್ನೂ ಇಳಿಸ್ಬೇಡಿ, ಒಳಗೆ ಎಳ್ಕೊಳ್ಳೋಕೆ ಕೆಲವೇ ಸೆಕೆಂಡು ಸಾಕು. ಲೆಗ್ ಜಾಮ್ ಆಗಿ ಬೆಲ್ಟ್ ಜಾರ್ತಿದ್ರೆ ತಕ್ಷಣ ನಿಲ್ಸಿ, ಬಿಸಿ ಆದ್ರೆ ಧೂಳು ಸ್ಫೋಟ ಆಗ್ಬೋದು.

ಇಷ್ಟೆಲ್ಲಾ ಮಾಡಿದ ಮೇಲೂ ಲಾರಿ ಪಿಟ್ ಮೇಲೇ ಕಾಯ್ತಿದ್ರೆ, ಆಗ್ಲೂ ಲೆಗ್‌ಗಿಂತ ಮೊದ್ಲು ಪಿಟ್ ಸೈಜ್ ನೋಡಿ. ಒಂದು ಲಾರಿ ಕಾಳು ಪೂರ್ತಿ ಹಿಡಿಯೋ ಪಿಟ್ ಇದ್ರೆ ಲಾರಿ ಸುರಿದು ಹೊರಟುಬಿಡುತ್ತೆ, ಅದು ಖಾಲಿ ತೂಕಕ್ಕೆ ಹೋಗಿ, ಮುಂದಿನದು ಪಿಟ್ ಮೇಲೆ ಬಂದು ನಿಲ್ಲೋ ಹೊತ್ತಿಗೆ ಲೆಗ್ ತನ್ನ ಪಾಡಿಗೆ ಎತ್ತುತ್ತಿರುತ್ತೆ.