ಎರಡು ಮುಳ್ಳು ಒಟ್ಟಿಗೆ ಮಲಗಿವೆ, ಹೊಸ ಗೇಜ್ ಕೊಳ್ಳಲೇ?

ಪ್ರಶ್ನೆ: ನಾನು ಮೈಸೂರಿನವನು, ಈಗ ಇಂಗ್ಲೆಂಡಿನ ಕವೆಂಟ್ರಿಯಲ್ಲಿದ್ದೇನೆ. 1968ರ ಮೋರಿಸ್ ಮಿನಿ ಸೂಪರ್ ಡಿ ಲಕ್ಸ್ ಕಾರನ್ನು ಪೂರ್ತಿ ಬಿಚ್ಚಿ, ಬಣ್ಣ ಹೊಡೆಸಿ ಮತ್ತೆ ಜೋಡಿಸಿದ್ದೇನೆ. ಸೆಲ್ಫ್ ಹೊಡೆದರೆ ಎಂಜಿನ್ ತಕ್ಷಣ ಶುರುವಾಗುತ್ತದೆ. ಸ್ಪೀಡೋಮೀಟರ್, ಆಯಿಲ್ ಪ್ರೆಶರ್, ಇಂಡಿಕೇಟರ್, ವೈಪರ್ ಎಲ್ಲ ಸರಿ. ಪೆಟ್ರೋಲ್ ಮತ್ತು ಟೆಂಪರೇಚರ್ ಮುಳ್ಳುಗಳು ಮಾತ್ರ ಅಲುಗಾಡುವುದಿಲ್ಲ. ಬಿಚ್ಚುವ ಮೊದಲು ಕೀ ತಿರುಗಿಸಿದರೆ ಎರಡೂ ನಿಧಾನವಾಗಿ ಏರುತ್ತಿದ್ದವು. ಬಣ್ಣದಿಂದಾಗಿ ಅರ್ತ್ (ಬಾಡಿಯ ಲೋಹದ ಮೂಲಕ ಕರೆಂಟಿನ ಸುತ್ತು ಪೂರ್ತಿಯಾಗುವ ದಾರಿ) ತಪ್ಪಿದೆ ಎನ್ನುತ್ತಾರೆ ಗೆಳೆಯರು. ಹೊಸ ಗೇಜ್ ಕೊಳ್ಳಲೇ?

ಉತ್ತರ: ಕೊಳ್ಳಬೇಡಿ. ಎರಡು ಗೇಜ್ ಒಂದೇ ಸಲ ಸುಟ್ಟುಹೋಗುವುದು ಅಪರೂಪ. ಹಳೆಯ ಗೇಜ್ ಸರಿಯಿರುವಾಗ ಅದನ್ನು ಕಿತ್ತು ಹೊಸದನ್ನು ಕೂರಿಸುವುದು ನನಗಂತೂ ಸರಿಕಾಣದು.

ಸ್ಪೀಡೋಮೀಟರ್ ನಡೆಯುವುದು ಕೇಬಲಿನಿಂದ. ಆಯಿಲ್ ಗೇಜ್‌ಗೆ ಎಂಜಿನ್‌ನಿಂದ ಸಣ್ಣ ಪೈಪ್‌ನಲ್ಲಿ ಆಯಿಲೇ ಬರುತ್ತದೆ. ಎರಡಕ್ಕೂ ಕರೆಂಟ್ ಬೇಕಿಲ್ಲ, ಹಾಗಾಗಿ ಅವು ಸರಿಯಿವೆ ಎಂಬುದರಿಂದ ನಮಗೆ ಏನೂ ತಿಳಿಯುವುದಿಲ್ಲ. ನಿಮ್ಮ ಪತ್ರದಲ್ಲಿ ಕೆಲಸಕ್ಕೆ ಬರುವ ಮಾತು 'ನಿಧಾನವಾಗಿ ಏರುತ್ತಿದ್ದವು' ಎಂಬುದು. ಅಂಥ ಗೇಜ್ ಒಳಗೆ ಎರಡು ಲೋಹ ಕೂಡಿಸಿದ ಪಟ್ಟಿಗೆ ಸಣ್ಣ ವೈರ್ ಸುತ್ತಿರುತ್ತದೆ. ಅದು ಬಿಸಿಯಾದಂತೆ ಪಟ್ಟಿ ಬಾಗಿ ಮುಳ್ಳನ್ನು ತಳ್ಳುತ್ತದೆ. ಇವುಗಳಿಗೆ ಬೇಕಾದದ್ದು 10 ವೋಲ್ಟ್. ಅದನ್ನು ಒದಗಿಸುವುದು ಸ್ಪೀಡೋಮೀಟರ್ ಬೆನ್ನಿಗೆ ಕೂತಿರುವ ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ತಗಡಿನ ಡಬ್ಬಿ, ಅಂದರೆ ವೋಲ್ಟೇಜ್ ಸ್ಟೆಬಿಲೈಸರ್. ನಿಮ್ಮ ಎರಡೂ ಗೇಜ್‌ಗೆ ಇರುವುದು ಇದೊಂದೇ ಡಬ್ಬಿ.

ಗೆಳೆಯರ ಮಾತನ್ನು ತಳ್ಳಿಹಾಕುತ್ತಿಲ್ಲ. ಬಣ್ಣ ಹೊಡೆಸಿದ ಕಾರಿನಲ್ಲಿ ಅರ್ತ್ ತಪ್ಪುವುದು ಮಾಮೂಲು. ಆದರೆ ನಿಮ್ಮ ಕಾರಿನ ಲಕ್ಷಣ ಅದಕ್ಕೆ ಹೊಂದುವುದಿಲ್ಲ. ಎಂಜಿನ್ ಅರ್ತ್ ಹೋಗಿದ್ದರೆ ಸೆಲ್ಫ್ ಇಷ್ಟು ಚೆನ್ನಾಗಿ ತಿರುಗುತ್ತಿರಲಿಲ್ಲ. ಟ್ಯಾಂಕಿನ ಸೆಂಡರ್‌ನ (ಪೆಟ್ರೋಲ್ ಮಟ್ಟವನ್ನು ಗೇಜ್‌ಗೆ ತಿಳಿಸುವ ಭಾಗ) ಅರ್ತ್ ಹೋದರೆ ಪೆಟ್ರೋಲ್ ಮುಳ್ಳೊಂದೇ ಮಲಗಬೇಕು. ಇನ್ನು ಸ್ಟೆಬಿಲೈಸರ್‌ನ ಅರ್ತ್ ಹೋದರೆ ಆಗುವುದು ತದ್ವಿರುದ್ಧ: ಒಳಗಿನ ಪಾಯಿಂಟ್ (ಕರೆಂಟನ್ನು ಕಡಿದು ಕೂಡಿಸುವ ಲೋಹದ ತುದಿ) ಬಿಟ್ಟು ಕೂಡುವ ಕೆಲಸ ನಿಲ್ಲಿಸಿ ಕೂಡಿಕೊಂಡೇ ಇರುತ್ತದೆ, ಬ್ಯಾಟರಿಯ ಪೂರ್ತಿ 12 ವೋಲ್ಟ್ ಗೇಜ್‌ಗೆ ಹೋಗುತ್ತದೆ, ಮುಳ್ಳುಗಳೆರಡೂ ಇರಬೇಕಾದ್ದಕ್ಕಿಂತ ಮೇಲೆ ನಿಲ್ಲುತ್ತವೆ.

ಹಾಗಾಗಿ ಟೆಸ್ಟ್ ಲ್ಯಾಂಪ್ (ಕರೆಂಟ್ ಇದ್ದರೆ ಹತ್ತುವ ಪುಟ್ಟ ಬಲ್ಬು) ಹಿಡಿದು ಡಬ್ಬಿಯ ಹತ್ತಿರವೇ ಹೋಗಿ. ಕ್ಲಿಪ್ಪನ್ನು ಬಣ್ಣವಿಲ್ಲದ ಲೋಹಕ್ಕೆ ಸಿಕ್ಕಿಸಿ, ಕೀ ಆನ್ ಮಾಡಿ, 'ಬಿ' ಎಂದಿರುವ ಟರ್ಮಿನಲ್ ಮುಟ್ಟಿ. ಅಲ್ಲಿಗೆ ಬರುವುದು ಹಸಿರು ವೈರ್. ಇಂಡಿಕೇಟರ್, ವೈಪರ್‌ಗೂ ಅದೇ ಫ್ಯೂಸ್, ಆದ್ದರಿಂದ ಫ್ಯೂಸ್ ಸರಿಯಿದೆ. ಆದರೂ ಲ್ಯಾಂಪ್ ಹತ್ತದಿದ್ದರೆ ಡ್ಯಾಶ್ ಹಿಂದೆ ಆ ಹಸಿರು ವೈರಿನ ಕವಲು ಎಲ್ಲೋ ಬಿಟ್ಟುಕೊಂಡಿದೆ. ನನ್ನ ಅನುಮಾನ ಮೊದಲು ಹೋಗುವುದು ಇಲ್ಲಿಗೇ. ಮತ್ತೆ ಜೋಡಿಸುವಾಗ ಕನೆಕ್ಟರ್ ಅರ್ಧಂಬರ್ಧ ಕೂತಿರುವುದು ಬಹಳ.

'ಬಿ'ಯಲ್ಲಿ ಹತ್ತಿದರೆ ಮುಂದೆ 'ಐ' ಟರ್ಮಿನಲ್. ಹಳೆಯ ಸ್ಟೆಬಿಲೈಸರ್ ಆಗಿದ್ದರೆ ಲ್ಯಾಂಪ್ ಹತ್ತಿ ಆರಿ ಮಿನುಗಬೇಕು. ಮಲ್ಟಿಮೀಟರ್ ಇಟ್ಟರೆ ಅಂಕಿ ಸೊನ್ನೆಗೂ ಹನ್ನೆರಡಕ್ಕೂ ಕುಣಿಯುತ್ತದೆ. ಗಾಬರಿ ಬೇಡ, ಸರಾಸರಿ ಹತ್ತಾಗುತ್ತದೆ. ಏನೂ ಬರದಿದ್ದರೆ ಡಬ್ಬಿ ಸತ್ತಿದೆ, ಅದೊಂದನ್ನು ಬದಲಿಸಿ.

ಮಿನುಗಿದರೂ ಮುಳ್ಳು ಏಳದಿದ್ದರೆ ಡಬ್ಬಿಯಿಂದ ಗೇಜ್‌ಗೆ ಹೋಗುವ ತಿಳಿ ಹಸಿರು ವೈರ್ ನೋಡಿ. ಆಮೇಲೆ ಬಾನೆಟ್ ಎತ್ತಿ, ಟೆಂಪರೇಚರ್ ಸೆಂಡರ್‌ನ ಹಸಿರು-ನೀಲಿ ವೈರ್ ಕಿತ್ತು ಎಂಜಿನ್ ಲೋಹಕ್ಕೆ ಮುಟ್ಟಿಸಿ. ಮುಳ್ಳು ಏಳತೊಡಗಿದರೆ ಗೇಜ್ ಸರಿಯಿದೆ, ಕೂಡಲೇ ವೈರ್ ತೆಗೆಯಿರಿ. ಹಾಗೇ ಹಿಡಿದರೆ ಒಳ್ಳೆಯ ಗೇಜೂ ಕೆಡುತ್ತದೆ. ಇದೇ ಪರೀಕ್ಷೆಯನ್ನು ಡಿಕ್ಕಿಯಲ್ಲಿ ಟ್ಯಾಂಕಿನ ಪಕ್ಕ ಮಾಡಬೇಡಿ. ಅಲ್ಲಿ ಪೆಟ್ರೋಲ್ ಆವಿ ಇರುತ್ತದೆ, ಒಂದು ಕಿಡಿ ಸಾಕು. ಬ್ಯಾಟರಿ ಕಳಚಿ, ಹಸಿರು-ಕಪ್ಪು ವೈರ್ ತೆಗೆದು, ಸೆಂಡರ್‌ಗೂ ಬಾಡಿಗೂ ನಡುವೆ ಮಲ್ಟಿಮೀಟರ್‌ನಲ್ಲಿ ಓಮ್ (ರೆಸಿಸ್ಟೆನ್ಸ್) ಅಳೆಯಿರಿ: ಟ್ಯಾಂಕ್ ಖಾಲಿಯಿದ್ದರೆ ಸುಮಾರು 250, ತುಂಬಿದ್ದರೆ 20-30.

ಊರಿನಲ್ಲಿ ಅಂಬಾಸಿಡರ್ ಇಟ್ಟುಕೊಂಡವರಿಗೂ ಒಂದು ಮಾತು. ಅದೂ ಮೋರಿಸ್ ಆಕ್ಸ್‌ಫರ್ಡ್ ಸಂತತಿಯೇ, ಆದರೆ ಗೇಜ್ ಮಾಡೆಲ್‌ಗೆ ತಕ್ಕಂತೆ ಬೇರೆ. ಕೀ ತಿರುಗಿಸಿದ ಕ್ಷಣವೇ ಮುಳ್ಳು ಚಂಗನೆ ನೆಗೆಯುತ್ತಿದ್ದರೆ ಅದು ಬಿಸಿಯಿಂದ ನಡೆಯುವ ಗೇಜ್ ಅಲ್ಲ, ಈ ಡಬ್ಬಿಯನ್ನು ಹುಡುಕುತ್ತಾ ಕೂರಬೇಡಿ.

ಸ್ಟೆಬಿಲೈಸರ್ ಬದಲಿಸುವುದೇ ಆದರೆ, ಹಳೆಯ ಬಗೆಯದನ್ನು 'ಟಾಪ್' ಎಂದಿರುವ ಕಡೆ ಮೇಲೆ ಬರುವಂತೆ ಕೂರಿಸಿ. ಎಲೆಕ್ಟ್ರಾನಿಕ್ ಬಗೆಯದನ್ನು ತರುವ ಮುಂಚೆ ಬ್ಯಾಟರಿ ನೋಡಿ. ನಿಮ್ಮ ಮಿನಿ ಕಾರ್ಖಾನೆಯಿಂದ ಬಂದದ್ದು ಪಾಸಿಟಿವ್ ಅರ್ತ್‌ನಲ್ಲಿ, ಅಂದರೆ ಬ್ಯಾಟರಿಯ ಪಾಸಿಟಿವ್ ತುದಿ ಬಾಡಿಗೆ. ಮಧ್ಯೆ ಯಾರಾದರೂ ಡೈನಮೋ ತೆಗೆದು ಆಲ್ಟರ್ನೇಟರ್ ಹಾಕಿದ್ದರೆ ಅದು ನೆಗೆಟಿವ್ ಆಗಿರಬಹುದು. ಬಾಡಿಗೆ ಹೋಗುವ ಕೇಬಲ್ ಬ್ಯಾಟರಿಯ ಯಾವ ತುದಿಯದೆಂದು ಖಚಿತ ಮಾಡಿಕೊಂಡು, ಅದಕ್ಕೆ ಹೊಂದುವುದನ್ನೇ ಅಂಗಡಿಯವರಲ್ಲಿ ಕೇಳಿ.