ಲೆನ್ಸ್ ಬದಲಿಸಬೇಡಿ, ಮೊದಲು ಬಾಯಿ ಕಿರಿದು ಮಾಡಿ

ಸರ್, ಮನೆಯಲ್ಲೇ ಮಾಡಿದ ದುರ್ಬೀನಿನಲ್ಲಿ ಚಂದ್ರನ ಅಂಚಿಗೆ ನೇರಳೆ ಬಣ್ಣ ಬರ್ತಿದೆ, ಗುರು ಗ್ರಹ ಕೂದಲು ಕೆದರಿದ ಹಾಗೆ ಕಾಣ್ತಿದೆ, ಮುಂದಿನ +1 ಪವರ್ ಲೆನ್ಸ್ ಬಿಸಾಕಿ ಬೇರೆ ತರ್ತೀನಿ ಅಂತ ಬರೆದಿದ್ದೀರಿ. ದಯವಿಟ್ಟು ಬೇಡ. ನಾನು ಹೀಗೇ ಒಂದರ ಮೇಲೊಂದು ಮೂರು ಲೆನ್ಸ್ ತಂದೆ. ಮೂರರಲ್ಲೂ ಅದೇ ಬಣ್ಣ.

ಫೋಟೋದಲ್ಲಿ ನಿಮ್ಮ ಲೆನ್ಸ್ 50 ಮಿ.ಮೀ. ಪೂರ್ತಿ ತೆರೆದಿದೆ. ಕಪ್ಪು ರಟ್ಟಿಗೆ 20 ಮಿ.ಮೀ. ತೂತು ಕೊರೆದು ಅದರ ಮುಂದೆ ಸರಿಯಾಗಿ ನಡುವಿಗೆ ಕೂರಿಸಿ. ಬೆಳಕು ಕಡಿಮೆಯಾಗುತ್ತೆ, ಆದರೆ ಅಂಚು ಚೂಪಾಗುತ್ತೆ. 15, 25ರ ತೂತನ್ನೂ ಮಾಡಿಟ್ಟುಕೊಳ್ಳಿ, ಯಾವ ತೂತು ಹೊಂದುತ್ತೆ ಅನ್ನೋದು ಗಾಜಿನಿಂದ ಗಾಜಿಗೆ ಬದಲಾಗುತ್ತೆ. ಗೆಲಿಲಿಯೋ ಮಾಡಿದ್ದೂ ಇದನ್ನೇ: ಫ್ಲಾರೆನ್ಸಿನಲ್ಲಿ ಉಳಿದಿರುವ ಅವನ ದುರ್ಬೀನೊಂದರ ಗಾಜು 37 ಮಿ.ಮೀ., ಬೆಳಕು ಹೋಗಲು ಬಿಟ್ಟದ್ದು ನಡುವಿನ 15 ಮಾತ್ರ. ಅರವತ್ತಕ್ಕೂ ಹೆಚ್ಚು ದುರ್ಬೀನು ಮಾಡಿದವನಿಗೇ ಗುರುವಿನ ಚಂದ್ರರನ್ನು ತೋರಿಸುವಂಥವು ಸಿಕ್ಕಿದ್ದು ಕೆಲವೇ.

ಕೆಳಗೆ ಕಾಮೆಂಟಿನಲ್ಲಿ ಒಬ್ಬರು, ಲೆನ್ಸ್ ಮಾರಿದ "ಅಂಗಡಿಯವನು ಮೋಸಗಾರ" ಅಂದಿದ್ದಾರೆ. ಒಂದು ರಾತ್ರಿ ನೋಡಿ ಒಬ್ಬರ ಹೆಸರು ಕೆಡಿಸುವುದು ತಪ್ಪು. 1610ರ ಏಪ್ರಿಲ್‌ನಲ್ಲಿ ಗೆಲಿಲಿಯೋ ಇಟಲಿಯ ಬೊಲೋನ್ಯ ಊರಿಗೆ ಹೋಗಿ, ಅಲ್ಲಿನ ಗಣಿತದ ಪ್ರಾಧ್ಯಾಪಕ ಮಜೀನಿಯ ಮನೆಯಲ್ಲಿ, ಗುರುವಿನ ಚಂದ್ರರನ್ನು ನೋಡಿ ಅಂತ ವಿದ್ವಾಂಸರಿಗೆ ದುರ್ಬೀನು ಕೊಟ್ಟ. ಅಭ್ಯಾಸವಿಲ್ಲದ ಕಣ್ಣು, ಕೂದಲೆಳೆಯಷ್ಟು ಅಲುಗಿದರೂ ತಪ್ಪಿಹೋಗುವ ಸಣ್ಣ ನೋಟ. ಹೆಚ್ಚಿನವರಿಗೆ ಏನೂ ಸ್ಪಷ್ಟವಾಗಲಿಲ್ಲ. ಮಜೀನಿಯ ಸಹಾಯಕ ಹೋರ್ಕಿ, ಇದು ನೆಲದ ಮೇಲೆ ಚೆನ್ನಾಗಿದೆ, ಆಕಾಶದಲ್ಲಿ ಮೋಸ ಮಾಡುತ್ತೆ ಅಂತ ಪ್ರಾಗ್‌ನ ಖಗೋಳಜ್ಞ ಕೆಪ್ಲರ್‌ಗೆ ಪತ್ರ ಬರೆದ, ಆಮೇಲೆ ಪುಸ್ತಿಕೆಯನ್ನೇ ಅಚ್ಚು ಹಾಕಿಸಿದ. ಕೊನೆಗೆ ಮಾನ ಹೋಗಿದ್ದು ಹೋರ್ಕಿಯದೇ.

ಕೆಪ್ಲರ್ ಮಾತ್ರ ಮಾತಿಗೆ ಮಾತು ಬೆಳೆಸಲಿಲ್ಲ. ಜರ್ಮನಿಯ ಕಲೋನಿನ ಎಲೆಕ್ಟರ್ (ಅಲ್ಲಿನ ಆಳರಸ) ಬಳಿಯಿದ್ದ, ಗೆಲಿಲಿಯೋ ಮಾಡಿದ ದುರ್ಬೀನನ್ನು ಎರವಲು ಪಡೆದು ಅದೇ ವರ್ಷ ಆಗಸ್ಟ್ 30ರಿಂದ ಸೆಪ್ಟೆಂಬರ್ 9ರವರೆಗೆ ಪ್ರಾಗ್‌ನಲ್ಲಿ ಗುರುವನ್ನು ನೋಡಿದ. ಜೊತೆಗಿದ್ದವರು ತಾವು ಕಂಡದ್ದನ್ನು ಒಬ್ಬರಿಗೊಬ್ಬರು ತೋರಿಸದೆ ಸೀಮೆಸುಣ್ಣದಲ್ಲಿ ಬರೆದು, ಆಮೇಲೆ ಹೋಲಿಸಿ ನೋಡಿದರು. ನಮ್ಮ ಮನೆ ತಾರಸಿಯಲ್ಲಿ ನಾನು ಇವತ್ತಿಗೂ ಹೀಗೇ ಮಾಡಿಸುತ್ತೇನೆ. "ಅಲ್ಲಿ ಗುರುವಿನ ಪಕ್ಕ ನಾಲ್ಕು ಚುಕ್ಕಿ, ಅವೇ ಅದರ ಚಂದ್ರರು, ನೋಡಿ" ಅಂತ ಮೊದಲೇ ಹೇಳಿದರೆ ಎಲ್ಲರಿಗೂ ನಾಲ್ಕೇ ಕಾಣುತ್ತೆ!

ಇನ್ನೊಂದು, ಕೈಯಲ್ಲಿ ಹಿಡಿದು ನೋಡಬೇಡಿ. ಟ್ರೈಪಾಡ್ ಇಲ್ಲದಿದ್ದರೆ ಪೈಪನ್ನು ಕಿಟಕಿ ಸರಳಿಗೆ ಬಿಗಿಯಾಗಿ ಕಟ್ಟಿ. ಲೆನ್ಸ್ ಹತ್ತಿರ ಸೂಪರ್ ಗ್ಲೂ ಹಾಕಬೇಡಿ, ಅದರ ಆವಿಗೆ ಗಾಜು ಬೆಳ್ಳಗಾಗುತ್ತೆ. ರಟ್ಟಿಗೆ ಫೆವಿಕಾಲ್ ಸಾಕು. ಕಣ್ಣಿನ ಕಡೆಯ −20 ಪವರ್ ಲೆನ್ಸ್‌ಗೆ (ಐಪೀಸ್) ದುಬಾರಿ ಬ್ರಾಂಡ್ ಬೇಕಿಲ್ಲ, ಕನ್ನಡಕದ ಅಂಗಡಿಯದೇ ನಡೆಯುತ್ತೆ. ಶನಿಯ ಬಳೆ ಇದರಲ್ಲಿ ಬಿಡಿಸಿ ಕಾಣುತ್ತೆ ಅಂತ ಕಾಯಬೇಡಿ. ಮಕ್ಕಳಿದ್ದರೆ ಹಗಲು ಪೈಪ್ ಒಳಗಿಡಿ, ಸೂರ್ಯನ ಕಡೆ ತಿರುಗಿಸಿಯಾರು.

ರಟ್ಟು ಹಾಕಿದ ಮೇಲೆ ಮನೆಯವರು ಮೂವರು ಬೇರೆ ಬೇರೆಯಾಗಿ ಗುರುವಿನ ಚಿತ್ರ ಬರೆದು, ಮೂರನ್ನೂ ಇಲ್ಲಿ ಹಾಕಿ.