10 ಯೂನಿಟ್ ಬದಲು 25: ಮನೆಯವರಿಗೆ ಹೇಳಬೇಕಾ?

ಪ್ರಶ್ನೆ: ನಾನು ಖಾಸಗಿ ಆಸ್ಪತ್ರೆಯೊಂದರಲ್ಲಿ ನರ್ಸ್. ರಾತ್ರಿ ಪಾಳಿಯಲ್ಲಿ ವಯಸ್ಸಾದ ಒಬ್ಬರಿಗೆ 10 ಯೂನಿಟ್ ಇನ್ಸುಲಿನ್ ಕೊಡಬೇಕಿತ್ತು. ಸೀಸೆ 100ರದ್ದು, ಅಂದರೆ ಒಂದು ಎಂಎಲ್‌ನಲ್ಲಿ 100 ಯೂನಿಟ್; ಅವಸರದಲ್ಲಿ ಕೈಗೆ ಸಿಕ್ಕಿದ್ದು ಎಂಎಲ್‌ಗೆ 40 ಯೂನಿಟ್ ಲೆಕ್ಕದಲ್ಲಿ ಗೆರೆ ಹಾಕಿದ 40ರ ಸಿರಿಂಜ್. ಅದರ 10ರ ಗೆರೆವರೆಗೆ ಎಳೆದಾಗ ಬಂದದ್ದು 25 ಯೂನಿಟ್. ಸಕ್ಕರೆ ಇಳಿದು, ಬೆವರಿ, ಏನೇನೋ ಮಾತಾಡತೊಡಗಿದರು. ಗ್ಲೂಕೋಸ್ ಏರಿಸಿದ ಮೇಲೆ ಸರಿಹೋದರು. ಮಗಳು ಕೇಳಿದಾಗ "ಕೆಲವರಿಗೆ ಹೀಗಾಗುತ್ತೆ" ಅಂದುಬಿಟ್ಟೆ. ಸೀನಿಯರ್ ಕೂಡ ಸುಮ್ನಿರು ಅಂದರು. ಈಗ ಅವರು ಮನೆಗೆ ಹೋಗಿದ್ದಾರೆ. ನನಗೆ ನಿದ್ದೆ ಬರುತ್ತಿಲ್ಲ.
– ಹೆಸರು ಬೇಡ, ದಾವಣಗೆರೆ

ಉತ್ತರ: ಹೇಳಿ. ಅವರು ಮತ್ತೆ ಚೆಕಪ್‌ಗೆ ಬರಲಿ ಅಂತ ಕಾಯಬೇಡಿ. ಆ ಮಗಳು ಈಗ ಮನೆಯಲ್ಲಿ ಏನು ಮಾಡುತ್ತಿರಬಹುದು, ಯೋಚಿಸಿ. ಅಪ್ಪನಿಗೆ 10 ಯೂನಿಟ್ಟೇ ತಡೆಯಲಿಲ್ಲ ಅಂತ ನಂಬಿದ್ದಾರೆ, ಮೈಗೆ ಹೋಗಿದ್ದು 25 ಅಂತ ಅವರಿಗೆ ಗೊತ್ತೇ ಇಲ್ಲ, ಹಾಗಾಗಿ ಹೆದರಿ 6ಕ್ಕೆ ಇಳಿಸಬಹುದು, ಪೂರ್ತಿ ನಿಲ್ಲಿಸಲೂಬಹುದು. ಮನೆಯಲ್ಲೂ 100ರ ಸೀಸೆ ಜೊತೆ ಕೆಂಪು ಮುಚ್ಚಳದ 40ರ ಸಿರಿಂಜ್ ಸೇರಿಕೊಂಡಿದ್ದರೆ? ನೀವು ಮುಚ್ಚಿಟ್ಟಿರುವ ಮಾತು ಅವರ ಚಿಕಿತ್ಸೆಗೇ ಬೇಕಾದದ್ದು.

ಮೊದಲು ಚಿಕಿತ್ಸೆ ನೀಡಿದ ಡಾಕ್ಟರಿಗೆ ತಿಳಿಸಿ. ಕೇಸ್ ಶೀಟಿನ ಹಳೆಯ ಸಾಲನ್ನು ತಿದ್ದಬೇಡಿ. ನಡೆದದ್ದನ್ನು ಇವತ್ತಿನ ತಾರೀಖು, ಸಮಯ ಹಾಕಿ ಬೇರೆಯಾಗಿ ಬರೆಯಿರಿ. ಆಮೇಲೆ ಅಪ್ಪ, ಮಗಳು ಇಬ್ಬರನ್ನೂ ಕರೆಸಿ, ಡಾಕ್ಟರ್ ಜೊತೆ ಕೂತು ಮಾತಾಡಿ. "ತಪ್ಪಾಗಿದೆ" ಅನ್ನಬೇಡಿ, "ತಪ್ಪು ಮಾಡಿದೆ" ಅನ್ನಿ. ಆ ಒಂದು ಪದದಲ್ಲೇ ಜನ ನಮ್ಮನ್ನು ಅಳೆಯುತ್ತಾರೆ. ಅವತ್ತು ನಿಜ ಹೇಳದೇ ಇದ್ದದ್ದಕ್ಕೂ ಕ್ಷಮೆ ಕೇಳಿ, ಅವರಿಗೆ ಜಾಸ್ತಿ ನೋಯುವುದು ಅದೇ. ಪೇಷಂಟ್‌ಗಳು ಜಾಸ್ತಿ ಇದ್ದರು ಅನ್ನುವುದು ನಿಜವೇ ಇರಬಹುದು, ಅದನ್ನು ಆಡಳಿತದವರ ಮುಂದೆ ಹೇಳಿ. ಮಗಳು ಕೂಗಾಡಿದರೆ ಕೂಗಾಡಲಿ, ನಡುವೆ ಬಾಯಿ ಹಾಕಬೇಡಿ.

ಕೇಸ್ ಹಾಕಿದರೆ ಅನ್ನುವ ಭಯ ನನಗೂ ಅರ್ಥವಾಗುತ್ತದೆ. ಚಿಕಿತ್ಸೆಯಲ್ಲಿನ ಪ್ರತಿ ತಪ್ಪೂ ಅಪರಾಧವಲ್ಲ, ಕ್ರಿಮಿನಲ್ ಕೇಸಿಗೆ ತೀರಾ ದೊಡ್ಡ ನಿರ್ಲಕ್ಷ್ಯವೇ ಇರಬೇಕು ಅಂತ ಸುಪ್ರೀಂ ಕೋರ್ಟ್ 2005ರಲ್ಲಿ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಹೇಳಿದೆ. ಪರಿಹಾರ ಕೇಳಿ ಗ್ರಾಹಕರ ಆಯೋಗಕ್ಕೆ ಹೋಗುವ ಹಕ್ಕು ಅವರಿಗೆ ಇದ್ದೇ ಇದೆ, ಹೋಗುವುದೇ ಇಲ್ಲ ಅಂತ ನಾನು ಸುಳ್ಳು ಧೈರ್ಯ ಹೇಳಲಾರೆ. ಆದರೆ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಆಸ್ಪತ್ರೆಗಳು 2001ರಿಂದ ತಮ್ಮ ತಪ್ಪನ್ನು ತಾವೇ ಹೇಳಿ, ಕ್ಷಮೆ ಕೇಳಿ, ಪರಿಹಾರ ಕೊಡಲು ಶುರು ಮಾಡಿದ ಮೇಲೆ ಅಲ್ಲಿ ಕೇಸುಗಳು ಕಡಿಮೆಯಾದವು. ನಮ್ಮ ಊರಿನಲ್ಲೂ ಜನ ರೊಚ್ಚಿಗೇಳುವುದು ಏನೋ ಮುಚ್ಚಿಡುತ್ತಿದ್ದಾರೆ ಅನಿಸಿದಾಗಲೇ ಅಲ್ವಾ?

ನಿಮ್ಮ ಸೀನಿಯರ್ ಮೇಲೆ ನನಗೆ ಬೇಸರವಿದೆ. ಅವರು ಅವತ್ತು ನಿಮ್ಮ ಪಕ್ಕ ನಿಲ್ಲಬೇಕಿತ್ತು. 40ರ ಮತ್ತು 100ರ ಸಿರಿಂಜ್‌ಗಳು ಒಂದೇ ಟ್ರೇನಲ್ಲಿ ಇದ್ದರೆ ಇವತ್ತೇ ಬೇರೆ ಮಾಡಿಸಿ, ಹಾಗೆ ಮಾಡಿದ್ದನ್ನು ಮಗಳಿಗೂ ಹೇಳಿ.

ಬರಹೇಳಲು ಫೋನ್ ಮಾಡಿದಾಗ ಮೊದಲು ಕೇಳಬೇಕಾದ್ದು ಇದು: ಈಗ ಅಪ್ಪನಿಗೆ ಎಷ್ಟು ಯೂನಿಟ್ ಕೊಡುತ್ತಿದ್ದೀರಿ, ಯಾವ ಸಿರಿಂಜಿನಲ್ಲಿ?